ಸಾಲ ಕೊಡುವ ಹುಡುಗಿ ಮತ್ತು ನಮ್ಮ ಢೋಲು

ಮದುವೆಯ ಹಂಗಾಮಿನಲ್ಲಿ ಫೋನು ರಿಂಗಾಯಿತೆಂದರೆ ನಮ್ಮ ಮನೆಯಲ್ಲಿ ಯಾರೂ ಕೂತಲ್ಲಿ ಕೂತಿರುತ್ತಿರಲಿಲ್ಲ. ಹಳೇ ದಾಂಡೇಲಿಯಲ್ಲಿ ನನ್ನದೊಂದು ಬ್ಯಾಂಡ್ ಸೆಟ್ ಇತ್ತು. ನಾನು ಕ್ಲಾರಿಯೋನೆಟ್ ನುಡಿಸುವವನು. ಬ್ಯಾಂಡಿನವರೆಲ್ಲ ನನ್ನನ್ನು ಮಾಸ್ತರ್ ಎಂದು ಕರೆಯುತ್ತಿದ್ದರು. ಬ್ಯಾಂಡಿಗೆ ಬೇರೆ ಆಫೀಸು ಎಂಬುದಿರಲಿಲ್ಲ. ನಮ್ಮ ಮನೆಯ ಮುಂದಿನ ಕೋಣೆಯೇ ಆಫೀಸು. ಅಲ್ಲೇ ತಾಲೀಮು, ಅಲ್ಲೇ ಗೋಡೆಗೆ ತೂಗುಹಾಕಿದ ಟ್ರಂಪೆಟ್ಟುಗಳು, ಮೂಲೆಯಲ್ಲಿ ದೊಡ್ಡ ಢೋಲು, ಕಿಟಕಿಯ ಕಟ್ಟೆಯ ಮೇಲೆ ಫೋನು. ಆ ಫೋನಿನ ನಂಬರನ್ನು ಲೈಟಿನ ಗಾಡಿಯ ಎರಡೂ ಬದಿಗೆ ಬರೆಸಿದ್ದೆ. ಸಾಲದೆಂದು ಎಲ್ಲರ ಕೆಂಪು ಕೋಟಿನ ಬೆನ್ನ ಮೇಲೂ ಹೊಲಿಸಿದ್ದೆ. ಹಳಿಯಾಳ, ಜೋಯಿಡಾ, ಮುಂಡಗೋಡ ಕಡೆಯ ಮೆರವಣಿಗೆಗಳಲ್ಲಿ ನಮ್ಮ ಹಿಂದೆ ನಡೆದವರಿಗೆಲ್ಲ ಆ ನಂಬರು ಬಾಯಿಪಾಠವಾಗಿತ್ತು.

ಹೀಗಿರುವಾಗ ಒಂದು ವರ್ಷ ಮದುವೆ ಹಂಗಾಮು ಶುರುವಾಗುವ ಹೊತ್ತಿಗೆ ಒಂದು ಫೋನು ಬಂತು. ಹೆಣ್ಣುಮಗಳ ದನಿ, ಹಿಂದಿಯಲ್ಲಿ. ಅಭಿನಂದನೆ ಸರ್, ನಮ್ಮ ಕಂಪನಿಯವರು ನಿಮ್ಮ ನಂಬರನ್ನು ಆರಿಸಿದ್ದಾರೆ ಅಂದಳು. ನನಗೆ ಖುಷಿಯಾಯಿತು. ಯಾವುದೋ ದೊಡ್ಡ ಕಂಪನಿಯ ಕಾರ್ಯಕ್ರಮ ಇರಬೇಕೆಂದು, "ತಾರೀಖು ಯಾವುದು?" ಎಂದು ಕೇಳಿದೆ.

"ನೀವು ಹೇಳಿದ ತಾರೀಖು ಸರ್."

ಇಂಥ ಗಿರಾಕಿ ನನ್ನ ಜನ್ಮದಲ್ಲಿ ಸಿಕ್ಕಿರಲಿಲ್ಲ. "ಎಷ್ಟು ಜನ ಬೇಕು?"

"ಗಂಡ ಹೆಂಡತಿ ಇಬ್ಬರೇ ಸರ್. ಮೂರು ದಿನ, ಊಟ ವಸತಿ ಎಲ್ಲ ನಮ್ಮದು."

"ಇಬ್ಬರಿಂದ ಏನಾಗುತ್ತದೆ? ಕಡಿಮೆ ಅಂದರೆ ಎಂಟು ಜನ ಬೇಕು. ಢೋಲು ಹೊರುವವನೇ ಒಬ್ಬ ಬೇಕು."

ಆಕೆ ಮೊದಲಿನಿಂದ ಮತ್ತೆ ಶುರುಮಾಡಿದಳು. ಗೋವಾದ ಯಾವುದೋ ರಿಸಾರ್ಟಿನಲ್ಲಿ ಗಂಡ ಹೆಂಡತಿ ಉಳಿದುಕೊಳ್ಳುವ ಯೋಜನೆಯಂತೆ, ಅದಕ್ಕೆ ಮೆಂಬರ್ ಆಗಬೇಕಂತೆ. ನಾನು ಫೋನಿಟ್ಟಾಗ ಕೋಣೆಯಲ್ಲಿದ್ದ ಟ್ರಂಪೆಟ್ಟಿನವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಆವತ್ತು ನಾವೂ ನಕ್ಕೆವು. ಆದರೆ ಆ ಮೇಲೆ ಅದು ನಿಲ್ಲಲೇ ಇಲ್ಲ. ವಿಮೆ, ಕ್ರೆಡಿಟ್ ಕಾರ್ಡು, ನೀರು ಶುದ್ಧ ಮಾಡುವ ಮಿಷನ್ನು, ಎಲ್ಲಕ್ಕಿಂತ ಹೆಚ್ಚಾಗಿ ಸಾಲ. ಬೆಳಗ್ಗೆ ಚಹಾದ ಹೊತ್ತಿಗೆ ಒಂದು, ಮಧ್ಯಾಹ್ನ ಕಣ್ಣು ಹತ್ತುವ ಹೊತ್ತಿಗೆ ಒಂದು, ತಾಲೀಮಿನಲ್ಲಿ ಹಾಡು ಕೂಡಿ ಬರುತ್ತಿದೆ ಅನ್ನುವಾಗ ಇನ್ನೊಂದು. ಬೇರೆಯವರಾಗಿದ್ದರೆ ಎತ್ತದೆ ಬಿಡುತ್ತಿದ್ದರು. ನಮಗೆ ಹಾಗೆ ಬಿಡಲು ಬರುವಂತಿರಲಿಲ್ಲ. ರಿಂಗಾದಾಗ ಅದು ಸಾಲವೋ ಮದುವೆಯೋ ಎತ್ತುವವರೆಗೆ ಹೇಗೆ ತಿಳಿಯಬೇಕು?

ಒಂದು ವಾರ ಕೋಪದಿಂದ ರಿಸೀವರನ್ನು ತೆಗೆದು ಪಕ್ಕಕ್ಕಿಟ್ಟು ತಾಲೀಮು ನಡೆಸಿದೆ. ಆ ವಾರವೇ ಹಳಿಯಾಳದ ಒಂದು ಮದುವೆ ಬೇರೆ ಬ್ಯಾಂಡಿಗೆ ಹೋಯಿತು. ಹುಡುಗಿಯ ಸೋದರಮಾವ ಸಂತೆಯಲ್ಲಿ ಸಿಕ್ಕು, "ನಿಮ್ಮ ಫೋನು ಹತ್ತಲೇ ಇಲ್ಲಲ್ರಿ ಮಾಸ್ತರ್" ಅಂದ. ಅವತ್ತಿನಿಂದ ರಿಸೀವರು ತನ್ನ ಜಾಗದಲ್ಲೇ ಕೂತಿತು.

ಆಮೇಲೆ ಗದರುವ ಉಪಾಯ ಹೂಡಿದೆ. ನಾನು ಮನೆಯಲ್ಲಿದ್ದಾಗ ಅದು ನಡೆಯುತ್ತಿತ್ತು. ಆದರೆ ಹಗಲು ಹೊತ್ತಿನಲ್ಲಿ ಹೆಚ್ಚಾಗಿ ಫೋನು ಎತ್ತುವವಳು ನನ್ನ ಹೆಂಡತಿ, ಮತ್ತು ಗದರುವುದು ಅವಳ ಬಾಯಿಗೆ ಬರುವುದೇ ಇಲ್ಲ. ಮನೆಯಲ್ಲಿ ನಮ್ಮ ಮಾತು ಉರ್ದು. ಇಲ್ಲಿ ಅದನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಅವಳು ಫೋನೆತ್ತಿ ಪೂರ್ತಿ ಕೇಳಿಸಿಕೊಳ್ಳುತ್ತಿದ್ದಳು. ನಡುವೆ, "ಊಟ ಆಯಿತೇನಮ್ಮ? ದನಿ ಯಾಕೆ ಹೀಗಾಗಿದೆ? ನೆಗಡಿಯೇ?" ಎಂದು ವಿಚಾರಿಸುತ್ತಿದ್ದಳು. ಕೊನೆಗೆ, "ಈಗ ನಮ್ಮ ಮನೆಯವರಿಲ್ಲ. ಆಮೇಲೆ ಮಾಡಿ, ನೋಡೋಣ" ಎಂದು ಇಡುತ್ತಿದ್ದಳು.

"ಬೇಡ ಅಂತ ಯಾಕೆ ಹೇಳುವುದಿಲ್ಲ?" ಎಂದು ಕೇಳಿದರೆ, "ಮನೆಬಾಗಿಲಿಗೆ ಬಂದವರಿಗೆ ಮುಖದ ಮೇಲೆ ಬೇಡ ಅನ್ನುತ್ತಾರೆಯೇ?" ಎಂದು ನನ್ನನ್ನೇ ಕೇಳುತ್ತಿದ್ದಳು.

"ಬಾಗಿಲಿಗೆ ಎಲ್ಲಿ ಬಂದರು? ಹುಬ್ಬಳ್ಳಿಯಲ್ಲೋ ಬೆಂಗಳೂರಲ್ಲೋ ಫ್ಯಾನಿನ ಕೆಳಗೆ ಕೂತಿರುತ್ತಾರೆ."

"ಕೂತಿರಲಿ. ಅವರ ಅಮ್ಮಂದಿರಿಗೆ ಅವರು ಮಕ್ಕಳೇ."

ನಾನು ಕ್ಲಾರಿಯೋನೆಟ್ ಎತ್ತಿಕೊಂಡು ಒರೆಸತೊಡಗುತ್ತಿದ್ದೆ.

ಮನುಷ್ಯರ ಫೋನುಗಳು ಹೇಗೋ ನಡೆಯುತ್ತಿದ್ದವು. ನಿಜವಾದ ಪೀಡೆ ಶುರುವಾದದ್ದು ಟೇಪಿನಲ್ಲಿ ಮುದ್ರಿಸಿದ ದನಿ ಬರತೊಡಗಿದಾಗ. ಎತ್ತಿದೊಡನೆ ಒಂದು ಸಂಗೀತ, ಆಮೇಲೆ ಒಂದು ಹೆಣ್ಣು ದನಿ ಒಂದೇ ಸಮನೆ ಓದುತ್ತ ಹೋಗುತ್ತಿತ್ತು. ಬೈದರೂ ಅದಕ್ಕೆ ತಾಗದು, ನನ್ನ ಹೆಂಡತಿ ಊಟ ಕೇಳಿದರೂ ಉತ್ತರಿಸದು. ಇಟ್ಟು ಮತ್ತೆ ಎತ್ತಿದರೆ ಅದೇ ದನಿ ಅಲ್ಲೇ ಮುಂದುವರಿಯುತ್ತಿರುತ್ತಿತ್ತು. ನಾಲ್ಕು ಸಲ ಇಟ್ಟು ಎತ್ತಿದರೂ ಲೈನು ನಮಗೆ ಸಿಗುತ್ತಿರಲಿಲ್ಲ.

ಇದೇನೆಂದು ಕೇಳಲು ಟೆಲಿಫೋನ್ ಲೈನ್‌ಮನ್ ಹತ್ತಿರ ಹೋದೆ. ಅವರು ಕಂಬದಿಂದ ಇಳಿದು ಬಂದು, ಬೀಡಿ ಹಚ್ಚಿ, ಸಮಾಧಾನವಾಗಿ ಹೇಳಿದರು. "ಮಾಸ್ತರ್, ಫೋನ್ ಮಾಡಿದವರು ಇಡೂಮಟ ಲೈನ್ ಅವ್ರ ಕೈಯಾಗ ಇರತೈತ್ರಿ. ನೀವು ಇಟ್ರೂ ಅದು ಲಗೂನ ಬಿಡೂದಿಲ್ಲ. ಆ ಟೇಪ್ ಮುಗೀಬೇಕು, ಆಮ್ಯಾಲ ನಿಮ್ಮ ಲೈನ್ ನಿಮಗ."

"ಇದಕ್ಕ ಔಷಧ ಇಲ್ಲೇನ್ರಿ?"

"ನಂಬರ್ ಬದಲೀ ಮಾಡಿಸ್ರಿ. ಬ್ಯಾರೆ ಹಾದಿ ನನಗಂತೂ ಗೊತ್ತಿಲ್ಲ."

ಮನೆಗೆ ಬಂದು ಕೋಟುಗಳನ್ನೆಲ್ಲ ತೆಗೆದು ನೋಡಿದೆ. ಪ್ರತಿಯೊಂದರ ಬೆನ್ನ ಮೇಲೂ ಹಳದಿ ದಾರದಲ್ಲಿ ಹೊಲಿದ ನಂಬರು. ಇಷ್ಟು ವರ್ಷ ಊರೂರಿನ ಜನ ಮನಸ್ಸಿನಲ್ಲಿಟ್ಟುಕೊಂಡದ್ದನ್ನು ಯಾವುದೋ ಟೇಪಿಗೆ ಹೆದರಿ ಬದಲಾಯಿಸುವುದೆಂದರೆ ಬ್ಯಾಂಡಿನ ಹೆಸರನ್ನೇ ಬದಲಾಯಿಸಿದಂತೆ. ಕೋಟುಗಳನ್ನು ಮಡಚಿ ಪೆಟ್ಟಿಗೆಗೆ ಹಾಕಿದೆ.

ಅದಾದ ಕೆಲವು ದಿನಕ್ಕೆ ಮುಂಡಗೋಡ ಕಡೆಯ ಪಾಳಾ ಎಂಬ ಊರಿನಿಂದ ಒಬ್ಬ ಹಿರಿಯರು ಬಸ್ಸು ಹತ್ತಿ ನಮ್ಮ ಮನೆ ಹುಡುಕಿಕೊಂಡು ಬಂದರು. ಬಿಳಿ ಟೊಪ್ಪಿಗೆ, ಕೈಯಲ್ಲಿ ಚೀಲ, ಹೊಲದಲ್ಲಿ ದುಡಿದ ಗಟ್ಟಿ ಆಳು. ಮಗಳ ಮದುವೆ. ಹಳಿಯಾಳದ ಬೀಗರ ಮನೆಯಲ್ಲಿ ನಮ್ಮ ಬ್ಯಾಂಡು ಕೇಳಿದ್ದರಂತೆ.

"ಎರಡು ದಿನ ಫೋನ್ ಹಚ್ಚೀನ್ರಿ ಮಾಸ್ತರ್. ಹಚ್ಚಿದಾಗೊಮ್ಮೆ ಎಂಗೇಜ್. ನಿಮ್ಮ ಫೋನಿನ್ಯಾಗ ಯಾರ ಮದುವಿ ನಡದೈತ್ರಿ?"

ನಾಚಿಕೆಯೂ ಆಯಿತು, ನಗೆಯೂ ಬಂತು. ಕಥೆ ಹೇಳಿದೆ. ಅವರು ನಕ್ಕು ಚಹಾ ಕುಡಿದು, "ನನಗ ನಿಮ್ಮ ಢೋಲು ಬೇಕ್ರಿ. ಬ್ಯಾರೇದೆಲ್ಲ ಎಲ್ಲಾ ಕಡೆ ಐತಿ. ಆ ಢೋಲಿನ ಸಪ್ಪಳ ಎದಿಗೆ ಬಡದಂಗ ಆಗತೈತಿ. ನನ್ನ ಮಗಳೂ ಅದನ್ನ ಕೇಳ್ಯಾಳ, ಅದ ಬೇಕಂತ ಹಟ ಹಿಡದಾಳ" ಅಂದರು. ನಮ್ಮ ಢೋಲಿನವನು ಬಾಗಿಲ ಹತ್ತಿರ ನಿಂತಿದ್ದ. ಅವನ ಎದೆ ಅಂಗಿಯೊಳಗೆ ಎರಡು ಬೆರಳು ಉಬ್ಬಿದ್ದನ್ನು ನಾನೇ ಕಂಡೆ.

ಮದುವೆಯ ಹಿಂದಿನ ದಿನ ಬಂತು. ಬೆಳಗಾಗುವ ಮೊದಲೇ ಟೆಂಪೋದಲ್ಲಿ ಪಾಳಾಕ್ಕೆ ಹೊರಡಬೇಕೆಂದು ಮಾತಾಗಿತ್ತು. ಅವತ್ತು ಮಧ್ಯಾಹ್ನ ಗಾಳಿ ಮಳೆ ಜೋರಾಗಿ ಬಂದು ಎಲ್ಲೋ ಮರ ಬಿದ್ದು ಊರಿಗೆಲ್ಲ ಕರೆಂಟು ಹೋಯಿತು. ಮಳೆ ನಿಂತ ಮೇಲೆ ಢೋಲಿನವನು ಢೋಲನ್ನು ಹೊರಗೆ ತಂದ. ಥಂಡಿಗೆ ಚರ್ಮ ಸಡಿಲಾಗಿತ್ತು. ಒಂದು ಸುತ್ತು ಬಿಗಿದ, ದನಿ ಏರಲಿಲ್ಲ. ಇನ್ನೊಂದು ಸುತ್ತು ಬಿಗಿದ. ಚರ್‌ ಎಂಬ ಸದ್ದು ನನಗೆ ಅಡುಗೆಮನೆಯಲ್ಲಿ ಕೇಳಿಸಿತು. ಹೋಗಿ ನೋಡಿದರೆ ಬಡಿಯುವ ಬದಿಯ ಚರ್ಮ ಅಂಚಿನಿಂದ ನಡುವಿನವರೆಗೆ ಸೀಳಿಹೋಗಿತ್ತು. ಢೋಲಿನವನು ಅದರ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ.

ಢೋಲಿನ ಬಾಯಿಗೆ ಬಿಗಿಯುವ ಪಡದೆ ದಾಂಡೇಲಿಯಲ್ಲಿ ಸಿಗುವುದಿಲ್ಲ. ಹುಬ್ಬಳ್ಳಿಯ ಪೇಟೆಯಲ್ಲಿ ವಾದ್ಯದ ಅಂಗಡಿಯೊಂದಿದೆ. ಅದರ ಯಜಮಾನರು ನನಗೆ ಹಳೆಯ ಪರಿಚಯ. ನಾನು ಬಸ್ಸು ಹತ್ತಿ ಹೋದರೆ ತಲುಪುವಾಗ ಅಂಗಡಿ ಮುಚ್ಚಿರುತ್ತದೆ, ತಿರುಗಿ ಬರಲು ಬಸ್ಸಿರುವುದಿಲ್ಲ. ಅದಕ್ಕೆ ಒಂದೇ ದಾರಿ: ಯಜಮಾನರಿಗೆ ಫೋನು ಮಾಡಿ, ಸಂಜೆ ಏಳಕ್ಕೆ ಹುಬ್ಬಳ್ಳಿ ಬಿಡುವ ಕೊನೆಯ ದಾಂಡೇಲಿ ಬಸ್ಸಿನ ಕಂಡಕ್ಟರ್ ಕೈಗೆ ಪಡದೆ ಕೊಡಿಸುವುದು. ಹಾಗೆ ಎಷ್ಟೋ ಸಲ ತರಿಸಿದ್ದೆ. ಆದರೆ ನಮ್ಮ ಮನೆಯ ಫೋನಿಗೆ ಹೊರಊರಿಗೆ ಮಾಡುವ ಎಸ್‌ಟಿಡಿ ಇರಲಿಲ್ಲ. ಓಣಿಯ ತುದಿಯ ಎಸ್‌ಟಿಡಿ ಬೂತಿನಲ್ಲಿ ಕರೆಂಟಿಲ್ಲದೆ ಮಿಷನ್ನು ಸತ್ತಿತ್ತು, ಬೂತಿನವರು ಬಾಗಿಲು ಅರ್ಧ ಎಳೆದುಕೊಂಡು ಮಲಗಿದ್ದರು. ಊರಿಗೆ ಮೊಬೈಲು ಬಂದಿತ್ತಾದರೂ ನಮ್ಮ ಪೈಕಿ ಇದ್ದದ್ದು ಟ್ರಂಪೆಟ್ಟಿನವನೊಬ್ಬನ ಹತ್ತಿರ ಒಂದೇ. ಕರೆಂಟು ಹೋದರೆ ಅದಕ್ಕೂ ಟವರ್ ಸಿಗುತ್ತಿರಲಿಲ್ಲ. ಕಾಗದದ ಮಿಲ್ಲಿನವರಿರುವ ಬಂಗೂರನಗರದ ಕಡೆ ಹೋಗಿ ಎಸ್‌ಟಿಡಿ ಇರುವ ಯಾರನ್ನಾದರೂ ಕೇಳೋಣವೆಂದು ಕೊಡೆ ಹಿಡಿದು ಹೊಸ್ತಿಲು ದಾಟುತ್ತಿದ್ದೆ. ಆಗ ಫೋನು ರಿಂಗಾಯಿತು.

ಪಾಳಾದವರೇ ಇರಬೇಕು, ಏನು ಹೇಳಲಿ ಎಂದುಕೊಂಡು ಎತ್ತಿದೆ.

"ನಮಸ್ಕಾರ್ ಸರ್. ನಿಮಗೆ ಪರ್ಸನಲ್ ಲೋನ್ ಮಂಜೂರಾಗಿದೆ..." ಎಂದು ಹಿಂದಿಯಲ್ಲಿ ಒಂದು ಹುಡುಗಿಯ ದನಿ.

ಬೈಗುಳ ತುಟಿಯವರೆಗೆ ಬಂದಿತ್ತು. ಆದರೆ ಅದೇ ಗಳಿಗೆಯಲ್ಲಿ ನನಗೊಂದು ವಿಚಾರ ಹೊಳೆಯಿತು. ಇಡೀ ಓಣಿಯಲ್ಲಿ ಹೊರಊರಿನೊಂದಿಗೆ ಕೂಡಿದ ತಂತಿ ಇದೊಂದೇ, ಮತ್ತು ಅದು ಈಗ ನನ್ನ ಕೈಯಲ್ಲಿದೆ.

"ತಂಗಿ, ಎಲ್ಲಿಂದ ಮಾತಾಡಾಕತ್ತೀರಿ?" ಎಂದು ಕನ್ನಡದಲ್ಲಿ ಕೇಳಿದೆ.

ಅವಳೂ ಕನ್ನಡಕ್ಕೆ ಬಂದಳು. "ಹುಬ್ಬಳ್ಳಿಯಿಂದ್ರಿ ಸರ್."

"ದೇವರು ದೊಡ್ಡವನು. ಇಡಬ್ಯಾಡ್ರವ್ವಾ, ನನ್ನ ಮಾತು ಒಂದೀಟು ಕೇಳ್ರಿ." ಢೋಲು, ಪಾಳಾ, ನಾಳೆಯ ಮದುವೆ, ಮರ ಬಿದ್ದದ್ದು ಎಲ್ಲ ಒಂದೇ ಉಸಿರಿಗೆ ಹೇಳಿದೆ. ಅವಳ ದನಿ ಒಮ್ಮೆಲೇ ಬಹಳ ಮೆಲ್ಲಗಾಯಿತು.

"ಕಾಕಾ, ಸೂಪರ್‌ವೈಸರ್ ಹಿಂದ ಅಡ್ಡಾಡಾಕತ್ತಾರ್ರಿ. ನಾ ಲೋನ್ ಮಾತಾಡಿದಂಗ ಮಾತಾಡ್ತೇನಿ. ನೀವು ಹೇಳ್ಕೋತ ಹೋಗ್ರಿ." ಕೂಡಲೇ ದನಿ ಎತ್ತರಿಸಿ, "ಹೌದ್ರಿ ಸರ್, ನಿಮಗ ಎಷ್ಟು ಬೇಕಾಗಿತ್ರಿ?"

"ಇಪ್ಪತ್ತಾರು."

"ಇಪ್ಪತ್ತಾರು ಸಾವಿರಾನ್ರಿ ಸರ್?"

"ಇಂಚವ್ವಾ! ಢೋಲಿನ ಪಡದೆ. ಇಪ್ಪತ್ತಾರು ಇಂಚು."

ಅವಳು ನಗು ತಡೆದುಕೊಂಡದ್ದು ಮೂಗಿನ ಸದ್ದಿನಲ್ಲೇ ತಿಳಿಯಿತು. "ಆತ್ರಿ ಸರ್, ಇಪ್ಪತ್ತಾರು. ಯಾವ ಟೈಪ್‌ದು ಬೇಕ್ರಿ?"

ಇಲ್ಲಿ ನಾನು ಒಂದು ಗಳಿಗೆ ತಡವರಿಸಿದೆ. ನಮ್ಮ ಢೋಲಿಗೆ ಯಾವಾಗಲೂ ಚರ್ಮವೇ. ಚರ್ಮವೆಂದರೆ ನೆನೆಸಬೇಕು, ಅಂಚಿನ ಬಳೆಗೆ ಕೂರಿಸಬೇಕು, ನಿಧಾನವಾಗಿ ಒಣಗಲು ಬಿಡಬೇಕು. ಈ ಥಂಡಿಯಲ್ಲಿ ರಾತ್ರಿ ಬೆಳಗಾಗುವುದರೊಳಗೆ ಅದು ಒಣಗುವ ಮಾತೇ ಇಲ್ಲ. ಫೈಬರ್ ಪಡದೆಯಾದರೆ ಕೂರಿಸಿ ನಟ್ಟು ಬಿಗಿದರೆ ಆಯಿತು. ಢೋಲಿನವನು ನನ್ನ ಎದುರಿಗೇ ನಿಂತು, ಬೇಡ ಬೇಡ ಎಂದು ತಲೆ ಅಲ್ಲಾಡಿಸುತ್ತಿದ್ದ. ಫೈಬರನ್ನು ಅವನು ಪ್ಲಾಸ್ಟಿಕ್ ಬಕೆಟ್ಟು ಎಂದೇ ಕರೆಯುತ್ತಿದ್ದ. ನಾನು ಅವನ ಕಡೆ ಬೆನ್ನು ತಿರುಗಿಸಿದೆ.

"ಫೈಬರ್. ಅಂಗಡಿ ಯಜಮಾನ್ರಿಗೆ ದಾಂಡೇಲಿ ಬ್ಯಾಂಡ್ ಮಾಸ್ತರ್ ಅನ್ರಿ, ಸಾಕು, ಉದ್ರಿ ಕೊಡ್ತಾರ. ದಪ್ಪಂದ ಆರಿಸಿ ಕೊಡು ಅನ್ರಿ. ಏಳರ ದಾಂಡೇಲಿ ಬಸ್ಸಿನ ಕಂಡಕ್ಟರ್ ಕೈಯಾಗ ಕೊಡ್ರಿ."

ಅಂಗಡಿಯ ಗುರುತು ಹೇಳಿದೆ. ಅವಳು ಪ್ರತಿಯೊಂದನ್ನೂ, "ಹೌದ್ರಿ ಸರ್, ವಿಳಾಸ ಬರಕೊಂಡೇನ್ರಿ ಸರ್" ಎಂದು ಗಟ್ಟಿಯಾಗಿ ಒಪ್ಪಿಸುತ್ತ ಹೋದಳು. ಕೊನೆಗೆ ಮತ್ತೆ ಮೆಲ್ಲಗೆ, "ಡ್ಯೂಟಿ ಆರಕ್ಕ ಬಿಡತೈತ್ರಿ ಕಾಕಾ. ಓಡಿ ಹೋಗ್ತೇನಿ" ಎಂದಳು. ಲೈನು ಕಡಿಯಿತು.

ಅವಳ ಹೆಸರು ಕೇಳಲಿಲ್ಲ, ನಂಬರು ಕೇಳಲಿಲ್ಲ. ಕೋಣೆಯಲ್ಲಿ ಕೂತವರೆಲ್ಲ ನನ್ನ ಮುಖ ನೋಡಿದರು. ಟ್ರಂಪೆಟ್ಟಿನವನೊಬ್ಬ, "ಮಾಸ್ತರ್, ಕಂಡರಿಯದ ಹುಡುಗಿ. ಅವಳಿಗೇನು ಗರಜು?" ಅಂದ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ತಿಂಗಳುಗಟ್ಟಲೆ ಇಂಥ ಹುಡುಗಿಯರಿಗೆ ನಾನು ಗದರಿದ್ದೆ. ನನ್ನ ಹೆಂಡತಿ ಮಾತ್ರ ಅಕ್ಕಿ ಆರಿಸುತ್ತಲೇ, "ಬರುತ್ತದೆ. ನೀವು ಬಸ್‌ಸ್ಟ್ಯಾಂಡಿಗೆ ಹೋಗಿ ನಿಲ್ಲಿ" ಅಂದಳು.

ಬೇರೆ ದಾರಿಯನ್ನೂ ಬಿಡಲಿಲ್ಲ. ಸಂಜೆಯವರೆಗೆ ಸೈಕಲ್ಲಿನ ಮೇಲೆ ತಿರುಗಿ ಒಂದು ಭಜನಾ ಮಂಡಳಿಯವರ ಸಣ್ಣ ಢೋಲನ್ನು ಕೇಳಿ ತಂದು ಇಟ್ಟೆ. ಢೋಲಿನವನು ಅದನ್ನು ಒಂದು ಸಲ ಬಡಿದು ಕೆಳಗಿಟ್ಟ. ಮದುಮಗಳು ಹಟ ಹಿಡಿದು ಬೇಡಿದ ಸಪ್ಪಳ ಅದರಲ್ಲಿ ಇರಲಿಲ್ಲ.

ಊಟದ ಹೊತ್ತಿಗೆ ನಾನೂ ಅವನೂ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆವು. ಇನ್ನೂ ಕರೆಂಟು ಬಂದಿರಲಿಲ್ಲ. ಚಹಾದಂಗಡಿಯಲ್ಲಿ ಒಂದು ಕಂದೀಲು ಉರಿಯುತ್ತಿತ್ತು. ಬಸ್ಸು ಬಂದು ನಿಂತಿತು, ಜನ ಇಳಿದರು. ಕಂಡಕ್ಟರ್ ಇಳಿಯಲಿಲ್ಲ. ಆಮೇಲೆ ಮುಂದಿನ ಬಾಗಿಲಿನಿಂದ ಮೊದಲು ಒಂದು ದೊಡ್ಡ ದುಂಡನೆಯ ಪೊಟ್ಟಣ ಹೊರಬಂತು, ಅದರ ಹಿಂದೆ ಕಂಡಕ್ಟರ್.

"ಇಲ್ಲೆ ಬ್ಯಾಂಡ್ ಮಾಸ್ತರ್ ಯಾರ್ರಿ? ಇದನ್ನ ಹಿಡ್ಕೊಂಡು ಬಂದು ನನ್ನ ಕೈ ಹೋಗೇತಿ. ಒಂದು ಹುಡುಗಿ ಬಸ್ಸು ಬಿಡೂ ಹೊತ್ತಿಗೆ ಓಡಿಕೋತ ಬಂದು ಕೊಟ್ಲು. ಸೀಟಿನ ಕೆಳಗ ಹಾಕಬ್ಯಾಡ್ರಿ, ಬಾಗತೈತಿ ಅಂತ ಆಣಿ ಮಾಡಿಸ್ಕೊಂಡಾಳ. ಯಾರ್ರಿ ಆಕಿ, ನಿಮ್ಮ ಮಗಳೇನು?"

ನಾನು ಕಂಡಕ್ಟರ್‌ಗೆ ಒಂದು ಚಹಾ ಹೇಳಿದೆ. ಢೋಲಿನವನು ಆಗಲೇ ಪೊಟ್ಟಣವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ತಲೆಯ ಮೇಲೆ ಹೊತ್ತುಕೊಂಡಿದ್ದ.

ಮನೆಯಲ್ಲಿ ಲಾಟೀನಿನ ಬೆಳಕಿಗೆ ಕೆಲಸ ಹಿಡಿದೆವು. ಹರಿದ ಚರ್ಮ ಬಿಚ್ಚಿ, ಅಂಚನ್ನು ಒರೆಸಿ, ಅದಕ್ಕೆ ಮೇಣ ತಿಕ್ಕಿ, ಹೊಸ ಪಡದೆ ಕೂರಿಸಿದೆವು. ನಟ್ಟನ್ನು ಒಂದೇ ಕಡೆಯಿಂದ ಬಿಗಿಯುತ್ತ ಹೋದರೆ ಪಡದೆ ಓರೆಯಾಗುತ್ತದೆ. ಎದುರುಬದುರಿನ ಎರಡನ್ನು ಅರ್ಧ ಸುತ್ತು, ಆಮೇಲೆ ಅದರ ಪಕ್ಕದವನ್ನು ಅರ್ಧ ಸುತ್ತು, ಹೀಗೆ ಸುತ್ತಿ ಬರಬೇಕು. ಪ್ರತಿ ಸುತ್ತಿಗೂ ಢೋಲಿನವನು ಬೆರಳಿನಿಂದ ಅಂಚಿನುದ್ದಕ್ಕೂ ತಟ್ಟಿ ಕಿವಿಗೊಡುತ್ತಿದ್ದ. ಪೂರ್ತಿ ಬಿಗಿದ ಮೇಲೆ ಒಂದು ಪೆಟ್ಟು ಹಾಕಿದ. ದನಿ ತೀಕ್ಷ್ಣವಾಗಿತ್ತು. ಅವನ ಮುಖ ಸಪ್ಪಗಾಯಿತು. ನನ್ನ ಹೆಂಡತಿ ಒಳಗಿನಿಂದ ಒಂದು ಹಳೆಯ ಕಂಬಳಿಯ ತುಂಡು ತಂದು, "ಒಳಗೆ ಇದನ್ನು ಒತ್ತಿಟ್ಟು ನೋಡಿ" ಅಂದಳು. ಒಂದು ಕಡೆ ಬಿಚ್ಚಿ ಅದನ್ನು ಪಡದೆಗೆ ತಾಗುವಂತೆ ಸಿಕ್ಕಿಸಿ ಮತ್ತೆ ಬಿಗಿದೆವು. ಈ ಸಲ ಪೆಟ್ಟು ಬಿದ್ದಾಗ ಗೋಡೆಯ ಟ್ರಂಪೆಟ್ಟುಗಳು ಗುಂಯ್ ಅಂದವು. ಪಕ್ಕದ ಮನೆಯವರು ಎದ್ದು ಬಂದರು. ಢೋಲಿನವನು ನಕ್ಕ.

ಮರುದಿನದ ಪಾಳಾ ಮದುವೆಯ ಬಗ್ಗೆ ಎಷ್ಟು ಬರೆದರೂ ಮುಗಿಯದು. ಬಿಸಿಲು ಹೊಳೆಯುತ್ತಿತ್ತು. ಊರ ಬಾಗಿಲಿನಿಂದ ಮದುವೆ ಮನೆಯವರೆಗೆ ಹತ್ತು ನಿಮಿಷದ ದಾರಿಗೆ ಎರಡು ಗಂಟೆ ಹಿಡಿಯಿತು, ಯಾಕೆಂದರೆ ಯಾರೂ ಮುಂದೆ ಹೋಗಗೊಡಲಿಲ್ಲ. ಮುದುಕಿಯರು ಕುಣಿದರು. ಮದುಮಗಳ ತಂದೆ, ಆ ಹಿರಿಯರು, ತಮ್ಮ ಟೊಪ್ಪಿಗೆಯನ್ನು ಢೋಲಿನವನ ತಲೆಗೆ ಇಟ್ಟು ತಾವೂ ನಾಲ್ಕು ಹೆಜ್ಜೆ ಹಾಕಿದರು. ಮದುಮಗಳು ಚಪ್ಪರದ ಕೆಳಗಿನಿಂದ ಕುತ್ತಿಗೆ ಚಾಚಿ ನೋಡುತ್ತ, ಪಕ್ಕದವರು ತಲೆ ಬಗ್ಗಿಸು ಬಗ್ಗಿಸು ಎಂದರೂ ಕೇಳದೆ ನಗುತ್ತಿದ್ದಳು. ನನ್ನ ಕ್ಲಾರಿಯೋನೆಟ್ಟಿನಲ್ಲಿ ಆ ದಿನ ಎಲ್ಲಿಂದ ಅಷ್ಟು ಉಸಿರು ಬಂತೋ ನನಗೇ ಗೊತ್ತಿಲ್ಲ.

ಅದರ ಮಾರನೆಯ ದಿನ ಎಲ್ಲರೂ ನಮ್ಮ ಮನೆಯಲ್ಲಿ ಸೇರಿ ವಾದ್ಯ ಒರೆಸಿಡುತ್ತಿದ್ದೆವು. ಮಧ್ಯಾಹ್ನದ ಹೊತ್ತಿಗೆ ಫೋನು ರಿಂಗಾಯಿತು. ನನ್ನ ಹೆಂಡತಿ ಎತ್ತಿದಳು, ಕೇಳಿದಳು, ಅವಳ ಮುಖ ಅರಳಿತು. "ಮೊದಲು ಹೇಳಮ್ಮ, ಆ ದಿನ ಓಡುತ್ತ ಹೋದೆಯಲ್ಲ, ಮನೆಗೆ ಹೋಗಲು ಕತ್ತಲಾಯಿತೇ?" ಎಂದಳು. ಹುಡುಗಿ ಏನೋ ಹೇಳಿದಳು, ಇವಳು ನಕ್ಕಳು. ನಾನು ಕೈಚಾಚಿ ನಿಂತರೂ ಕೊಡಲಿಲ್ಲ. ಬಹಳ ಹೊತ್ತಿನ ಮೇಲೆ ರಿಸೀವರು ನನಗೆ ಬಂತು.

"ಕಾಕಾ, ಢೋಲು ಬಾರಿಸಿತೇನ್ರಿ?"

"ಬಾರಿಸಿತವ್ವಾ. ಊರಿಗೂರ ಕುಣದೈತಿ." ಹೇಗೆ ಉಪಕಾರ ತೀರಿಸುವುದೆಂದು ಕೇಳಿದ್ದಕ್ಕೆ ಅವಳು ಅದನ್ನು ಕಿವಿಗೆ ಹಾಕಿಕೊಳ್ಳದೆ, ನನಗೇ ಇನ್ನೊಂದು ಉಪಕಾರ ಮಾಡಿದಳು.

"ನಿಮಗ ಒಂದು ಮಾತು ಹೇಳಬೇಕ್ರಿ. ಕಾಕೂ ಎಲ್ಲಾರಿಗೂ ಆಮ್ಯಾಲ ಮಾಡ್ರಿ ಅಂತಾರಂತ ನಮ್ಮ ಲಿಸ್ಟಿನ್ಯಾಗ ಐತ್ರಿ, ಹಂಗಂದ್ರ ನಾವು 'ಮತ್ತ ಫೋನ್ ಮಾಡಬೇಕು' ಅಂತ ಗುರುತ ಹಾಕ್ತೇವ್ರಿ. ಬೈದ್ರೂ ಅಷ್ಟ, ಇಟ್ರೂ ಅಷ್ಟ, ಮತ್ತ ಬರತೈತಿ. 'ನಮಗ ಬ್ಯಾಡ, ಈ ನಂಬರ್ ತಗೀರಿ' ಅಂತ ಸೀದಾ ಅಂದ್ರನ ಅದು ಹೋಗೂದು. ನಮ್ಮ ಕಡೆದಂತೂ ನಾ ಇವತ್ತ ತಗಸ್ತೇನಿ. ಬ್ಯಾರೇದವ್ರಿಗೂ ನೀವು ಹಂಗ ಅನ್ರಿ."

ನಾನು ಅದನ್ನು ಎಲ್ಲರಿಗೂ ಕೇಳುವಂತೆ ಹೇಳಿದೆ. ಇಡೀ ಕೋಣೆ ನನ್ನ ಹೆಂಡತಿಯ ಕಡೆ ತಿರುಗಿ ನಗತೊಡಗಿತು. ಅವಳು ಸೆರಗು ಬಾಯಿಗೆ ಹಿಡಿದು ತಾನೂ ನಕ್ಕಳು. ಆಮೇಲೆ ಒಮ್ಮೆಲೇ, "ನಂಬರು ತೆಗೆದರೆ ಇವಳು ಮತ್ತೆ ಹೇಗೆ ಮಾತಾಡುತ್ತಾಳೆ?" ಎಂದು ಕೇಳಿದಳು.

ಅದನ್ನು ನಾನು ಹುಡುಗಿಗೆ ತಿಳಿಸಿದೆ. "ಕಂಪನೀದಾಗಿಂದ ತಗೀತೇನ್ರಿ ಕಾಕಾ," ಅಂದಳು ಅವಳು, "ನನ್ನ ತಲ್ಯಾಗಿಂದ ಯಾರು ತಗೀತಾರ?" ಆಮೇಲೆ, "ಸೂಪರ್‌ವೈಸರ್ ಊಟಕ್ಕ ಹೋಗ್ಯಾರ್ರಿ. ಆ ಢೋಲು ಹೆಂಗ ಬಾರಿಸತೈತಿ, ಒಂದೀಟು ಕೇಳಸ್ತೀರೇನು?"

ಕೇಳಬೇಕೇ? ಅರ್ಧ ಒರೆಸಿದ ವಾದ್ಯಗಳೆಲ್ಲ ಮೇಲಕ್ಕೆದ್ದವು. ನನ್ನ ಹೆಂಡತಿ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು ಕೋಣೆಯ ನಡುವೆ ನಿಂತಳು. ದನಿ ಆ ಕಡೆ ಒಡೆಯಬಾರದೆಂದು ಟ್ರಂಪೆಟ್ಟಿನವರನ್ನು ಅಂಗಳಕ್ಕೆ ಕಳಿಸಿದೆ, ಢೋಲನ್ನು ಬಾಗಿಲಿಗೆ ನಿಲ್ಲಿಸಿದೆ. ಪಾಳಾದಲ್ಲಿ ಹಿರಿಯರನ್ನು ಕುಣಿಸಿದ ಹಾಡನ್ನೇ ಮೊದಲಿನಿಂದ ಕೊನೆಯವರೆಗೆ ನುಡಿಸಿದೆವು. ಓಣಿಯ ಮಕ್ಕಳು ಕಿಟಕಿಗೆ ಬಂದು ಜೋತುಬಿದ್ದವು.

ಹಾಡು ಮುಗಿದ ಮೇಲೆ ರಿಸೀವರು ಕಿವಿಗಿಟ್ಟುಕೊಂಡೆ. ಅಲ್ಲಿ ಒಬ್ಬಳಲ್ಲ, ಬಹಳ ಹುಡುಗಿಯರ ಪಿಸುಮಾತು, ನಗೆ. ಕಿವಿಯಿಂದ ಕಿವಿಗೆ ದಾಟಿಸಿಕೊಂಡು ಕೇಳಿದರಂತೆ. ಚಪ್ಪಾಳೆ ಹೊಡೆದರೆ ಪಕ್ಕದ ಕೋಣೆಗೆ ಕೇಳಿಸುತ್ತದೆಂದು ಅವರೆಲ್ಲ ಮೇಜಿನ ಮೇಲೆ ಬೆರಳಿನಿಂದ ತಟ್ಟುತ್ತಿದ್ದರು. ಸಣ್ಣ ಮಳೆ ತಗಡಿನ ಮೇಲೆ ಬಿದ್ದಂಥ ಸದ್ದು. ಢೋಲಿನವನು ನನ್ನ ಕೈಯಿಂದ ರಿಸೀವರು ತೆಗೆದುಕೊಂಡು, ಕಣ್ಣು ಮುಚ್ಚಿ, ಬಹಳ ಹೊತ್ತು ಕೇಳಿದ.

"ಮಾಸ್ತರ್, ತಾಳ ಬರೋಬ್ಬರಿ ಐತ್ರಿ" ಅಂದ.